ಅಗ್ಗದ ಅಲಗು

ಒಂದು ಸಣ್ಣ ಲೆಕ್ಕ ಹಾಕೋಣ. ಕಿಸೆಯಲ್ಲಿ ಇಟ್ಟುಕೊಳ್ಳುವ ಮಡಚು ಚಾಕುವಿನ ಅಲಗು ಎಂಟು ಸೆಂಟಿಮೀಟರ್ ಉದ್ದ, ಎರಡು ಸೆಂಟಿಮೀಟರ್ ಅಗಲ, ಬೆನ್ನಿನ ಕಡೆ ಎರಡು ಮಿಲಿಮೀಟರ್ ದಪ್ಪ ಎಂದಿಟ್ಟುಕೊಳ್ಳಿ. ಬಾಯಿಯ ಕಡೆ ತೆಳ್ಳಗಾಗುತ್ತ ಹೋಗುವ ಭಾಗ ಕಳೆದು, ಹಿಡಿಕೆಯೊಳಗೆ ಅಡಗಿರುವ ಬಾಲ ಸೇರಿಸಿದರೆ ಇದರ ತೂಕ ಇಪ್ಪತ್ತು ಗ್ರಾಂ ಆಸುಪಾಸು. ಕಿಲೋಗೆ ನೂರು ರೂಪಾಯಿಯ ಉಕ್ಕಾದರೆ ಎರಡು ರೂಪಾಯಿ ಆಯಿತು. ಕಿಲೋಗೆ ಐನೂರರ ಉಕ್ಕು ತಂದರೂ ಹತ್ತೇ ರೂಪಾಯಿ. ಕಲಘಟಗಿ ಸಂತೆಯಲ್ಲಿ ಗೋಣಿತಟ್ಟಿನ ಮೇಲೆ ಹರವಿದ ನೂರು ರೂಪಾಯಿಯ ಚಾಕುವಿಗೂ ಹುಬ್ಬಳ್ಳಿಯ ಅಂಗಡಿಯಲ್ಲಿ ಗಾಜಿನ ಹಿಂದೆ ಮಲಗಿರುವ ಎರಡು ಸಾವಿರದ ಚಾಕುವಿಗೂ ಇರುವ ಅಂತರವನ್ನು ಉಕ್ಕಿನ ಬೆಲೆಯಿಂದ ವಿವರಿಸಲು ಆಗುವುದಿಲ್ಲ.

ಉಳಿದ ದುಡ್ಡು ಹೋಗುವುದು ಹಿಡಿಕೆಗೆ, ಹೊಳಪಿಗೆ, ಡಬ್ಬಿಗೆ, ಜಾಹೀರಾತಿಗೆ, ಸಾಗಣೆಗೆ, ಮಾರುವವನ ಲಾಭಕ್ಕೆ. ಕೊಯ್ಯುವ ಕೆಲಸಕ್ಕೆ ನಿಜವಾಗಿ ಬೇಕಾದವು ಎರಡು: ಉಕ್ಕಿಗೆ ಹಾಕಿದ ಹದ ಮತ್ತು ಅಲಗಿನ ಆಕಾರ. ಒಂದಕ್ಕೆ ಬೆಂಕಿ ಬೇಕು, ಇನ್ನೊಂದಕ್ಕೆ ಸಾಣೆ ಬೇಕು, ಎರಡಕ್ಕೂ ಮಾಡುವವನ ಗಮನ ಬೇಕು. ಮೂರೂ ದುಬಾರಿ ಸರಕಲ್ಲ. ಆದ್ದರಿಂದಲೇ ಅಗ್ಗದ ಚಾಕು ಅತ್ಯುತ್ತಮವಾಗಿರುವುದು ಸಾಧ್ಯ, ದುಬಾರಿಯದು ಬರೀ ಆಡಂಬರವಾಗಿರುವುದೂ ಸಾಧ್ಯ. ತೊಡಕು ಏನೆಂದರೆ ಹದ ಕಣ್ಣಿಗೆ ಕಾಣುವುದಿಲ್ಲ. ಒಳ್ಳೆಯ ಹದದ ಅಲಗು, ಹದವೇ ಇಲ್ಲದ ಅಲಗು ಎರಡೂ ಒಂದೇ ಬಣ್ಣ, ಒಂದೇ ತೂಕ, ಒಂದೇ ಹೊಳಪು.

ಕೊಳ್ಳುವವನಿಗೆ ಗುಣ ಕಾಣದ ಸಂತೆಯಲ್ಲಿ ಏನಾಗುತ್ತದೆ ಎಂಬುದನ್ನು ಅಮೆರಿಕದ ಅರ್ಥಶಾಸ್ತ್ರಜ್ಞ ಜಾರ್ಜ್ ಅಕರ್ಲಾಫ್ 1970ರಲ್ಲಿ ಹಳೆಯ ಕಾರುಗಳ ಮಾರಾಟವನ್ನು ಉದಾಹರಣೆಯಾಗಿ ಹಿಡಿದು ವಿವರಿಸಿದರು. ಒಳ್ಳೆಯದು ಯಾವುದು, ಕೆಟ್ಟದ್ದು ಯಾವುದು ಎಂದು ತಿಳಿಯದವನು ಎರಡಕ್ಕೂ ನಡುವಿನ ಬೆಲೆ ಹೇಳುತ್ತಾನೆ. ಆ ಬೆಲೆಗೆ ಒಳ್ಳೆಯದನ್ನು ಮಾರುವವನಿಗೆ ನಷ್ಟ, ಹಾಗಾಗಿ ಅವನು ಸಂತೆಯಿಂದ ಎದ್ದು ಹೋಗುತ್ತಾನೆ. ಕೆಟ್ಟದ್ದು ಉಳಿಯುತ್ತದೆ. ಈ ವಿಚಾರಕ್ಕೆ ಅವರಿಗೆ 2001ರಲ್ಲಿ ನೊಬೆಲ್ ಬಂತು. ನಮ್ಮ ಹಳ್ಳಿಗಳಲ್ಲಿ ಇದೇ ತೊಡಕಿಗೆ ಬಹಳ ಹಿಂದೆಯೇ ಒಂದು ಪರಿಹಾರ ಇತ್ತು. ಕಂಬಾರ ಆಯಗಾರನಾಗಿದ್ದ. ವರ್ಷಕ್ಕೊಮ್ಮೆ ರಾಶಿಯ ಹೊತ್ತಿಗೆ ಕಣದಲ್ಲಿ ಅವನಿಗೆ ಕಾಳು ಸಲ್ಲುತ್ತಿತ್ತು. ಅವನು ಮಾಡಿದ ಕುಡಗೋಲು ಮೊಂಡಾದರೆ ಅದು ಮರಳಿ ಅವನ ಅಡಿಗಲ್ಲಿಗೇ ಬರುತ್ತಿತ್ತು, ಹದ ಕೆಟ್ಟಿದ್ದರೆ ಮತ್ತೆ ಇದ್ದಿಲು ಸುಡುವವನೂ ಅವನೇ. ಗುಣ ಕಾಣದಿದ್ದರೂ ಗುಣಕ್ಕೆ ಹೊಣೆಯಾದ ಮನುಷ್ಯ ಕಾಣುತ್ತಿದ್ದ. (ಆಯದ ಪದ್ಧತಿಯಲ್ಲಿ ಜಾತಿಯ ಕಟ್ಟೂ ಇತ್ತು, ಅದನ್ನು ಯಾರೂ ಹೊಗಳಬೇಕಿಲ್ಲ. ಚಾಕುವಿನ ಮಟ್ಟಿಗೆ ಮಾತ್ರ ಹೇಳುತ್ತಿದ್ದೇನೆ.) ಈಗ ಆ ಹೊಣೆಗಾರ ಇಲ್ಲದ ಕಡೆ ನಾವೇ ಪರೀಕ್ಷಕರಾಗಬೇಕು.

ದುಮ್ಮವಾಡ ಈ ಪಾಠಕ್ಕೆ ತಕ್ಕ ಊರು. ಕಲಘಟಗಿ ತಾಲ್ಲೂಕಿನ ಈ ಊರಿನ ಪಕ್ಕದಲ್ಲಿ ನೀರಸಾಗರ ಇದೆ. ಬೇಡ್ತಿ ಹಳ್ಳಕ್ಕೆ 1950ರ ದಶಕದಲ್ಲಿ ಅಡ್ಡಕಟ್ಟಿ ಹುಬ್ಬಳ್ಳಿಗೆ ಕುಡಿಯುವ ನೀರು ಒದಗಿಸಿದ ಜಲಾಶಯ ಅದು. ಮೂಡಣದ ನವಲಗುಂದ, ಅಣ್ಣಿಗೇರಿ ಕಡೆಯ ಎರೆಹೊಲದಲ್ಲಿ ಕಣ್ಣು ಹಾಯಿಸಿದಷ್ಟೂ ಕಡಲೆ, ಕುಸುಬಿ, ಹತ್ತಿ. ಇತ್ತ ಕಲಘಟಗಿ ಅರೆಮಲೆನಾಡು. ಭತ್ತ, ಗೋವಿನಜೋಳ, ಕಬ್ಬು, ಮಾವು, ಅದರಾಚೆ ಕಾಡು. ಬೆಳೆ ಬೇರೆಬೇರೆಯಾದಷ್ಟೂ ಅಲಗಿನ ತರಹವೂ ಬೇರೆಬೇರೆ: ಭತ್ತಕ್ಕೆ ಕುಡಗೋಲು, ಕಬ್ಬಿಗೆ ಕೊಯ್ತ, ಜಿಗ್ಗಿಗೆ ಕೊಡಲಿ, ಮಾವಿನ ಕಸಿಗೆ ಚಾಕು. ಇವುಗಳ ಜೊತೆಗೆ ಹಗ್ಗ, ಎಲೆ-ಅಡಿಕೆ, ಸೌತೆಕಾಯಿ, ಗೊಬ್ಬರದ ಚೀಲದ ಬಾಯಿ ಎಲ್ಲಕ್ಕೂ ಆಗುವ ಕಿಸೆಯ ಚಾಕು.

ಈ ಭಾಗದಲ್ಲಿ ಅಲಗಿಗೆ ಬೇಕಾದ ಉಕ್ಕು ಎಲ್ಲಿಂದ ಬರುತ್ತದೆ? ರಸ್ತೆಯಿಂದ. ಹುಬ್ಬಳ್ಳಿಯಿಂದ ಕಲಘಟಗಿ, ಯಲ್ಲಾಪುರ ಹಾದು ಕರಾವಳಿಗೆ ಇಳಿಯುವ ಹೆದ್ದಾರಿಯಲ್ಲಿ ಲಾರಿಗಳಿಗೆ ಬಿಡುವಿಲ್ಲ. ಎರಡು ಸಾವಿರದ ದಶಕದಲ್ಲಿ ಬಳ್ಳಾರಿ, ಸಂಡೂರಿನ ಅದಿರು ಬೇಲೆಕೇರಿ ಬಂದರಿಗೆ ಹೋದದ್ದು ಇದೇ ದಾರಿಯಲ್ಲಿ. ಹೇರು ಹೆಚ್ಚಾದರೆ, ಗುಂಡಿ ಆಳವಾದರೆ ಲಾರಿಯ ಸ್ಪ್ರಿಂಗ್ ಪಟ್ಟಿ ಮುರಿಯುತ್ತದೆ. ಮುರಿದ ಪಟ್ಟಿ ಗುಜರಿಗೆ, ಗುಜರಿಯಿಂದ ಕುಲುಮೆಗೆ. ಸಂಡೂರಿನ ಆ ಅದಿರು ಇರುವ ಬಂಡೆಗಳನ್ನು ಭೂವಿಜ್ಞಾನಿಗಳು ಧಾರವಾಡ ಶಿಲಾಸಮೂಹಕ್ಕೇ ಸೇರಿಸುತ್ತಾರೆ. ಬ್ರಿಟಿಷ್ ಭೂವಿಜ್ಞಾನಿ ರಾಬರ್ಟ್ ಬ್ರೂಸ್ ಫೂಟ್ 1880ರ ದಶಕದಲ್ಲಿ ಇಟ್ಟ ಹೆಸರು ಇದು. ಧಾರವಾಡದ ಹೆಸರು ಹೊತ್ತ ಅದಿರು ಹಡಗು ಹತ್ತಿ ಹೋಯಿತು, ಅದನ್ನು ಹೊತ್ತ ಗಾಡಿಯ ಮುರಿದ ಪಟ್ಟಿ ನಮಗೆ ಉಳಿಯಿತು. ವ್ಯಾಪಾರ ಅಷ್ಟೇನೂ ಲಾಭದ್ದಲ್ಲ, ಆದರೆ ಚಾಕುವಿಗೆ ಆ ಪಟ್ಟಿ ನಿಜಕ್ಕೂ ಒಳ್ಳೆಯ ಸರಕು.

ಕಾರಣ ಇಂಗಾಲ. ಮನೆ ಕಟ್ಟುವ ಸರಳಿನಲ್ಲಿ ಇಂಗಾಲದ ಪಾಲು ಶೇ. 0.3ಕ್ಕಿಂತ ಹೆಚ್ಚಿರುವುದಿಲ್ಲ. ಅದನ್ನು ಎಷ್ಟು ಕಾಯಿಸಿ ಎಷ್ಟು ತಣಿಸಿದರೂ ಚಾಕುವಿಗೆ ಬೇಕಾದ ಗಡಸುತನ ಬಾರದು. ಸ್ಪ್ರಿಂಗ್ ಪಟ್ಟಿಯಲ್ಲಿ ಶೇ. 0.5ರಿಂದ 0.65ರಷ್ಟು ಇಂಗಾಲ, ಜೊತೆಗೆ ಸಿಲಿಕಾನ್, ಮ್ಯಾಂಗನೀಸ್, ಕೆಲವದರಲ್ಲಿ ಕ್ರೋಮಿಯಂ ಇರುತ್ತದೆ. ರೈಲುಹಳಿಯ ಉಕ್ಕೂ ಹೆಚ್ಚುಕಡಿಮೆ ಇದೇ ದರ್ಜೆಯದು. ಹಳೆಯ ಅರದಲ್ಲಿ ಇಂಗಾಲ ಶೇ. 1 ದಾಟುತ್ತದೆ, ಬೇರಿಂಗಿನ ಬಳೆಯಲ್ಲಿ ಸುಮಾರು ಶೇ. 1. ಗುಜರಿಯ ರಾಶಿಯಲ್ಲಿ ಯಾವುದು ಯಾವುದೆಂದು ಕಂಡುಕೊಳ್ಳಲು ಕಂಬಾರರಿಗೆ ಪ್ರಯೋಗಾಲಯ ಬೇಕಿಲ್ಲ, ಸಾಣೆಚಕ್ರ ಸಾಕು. ಮೆದು ಕಬ್ಬಿಣ ಉಜ್ಜಿದರೆ ಕಿಡಿಗಳು ಉದ್ದನೆಯ ನೇರ ಗೆರೆಗಳಾಗಿ ಹೊರಡುತ್ತವೆ. ಇಂಗಾಲ ಹೆಚ್ಚಿದ್ದರೆ ಆ ಗೆರೆಗಳು ಗಾಳಿಯಲ್ಲೇ ಕವಲೊಡೆದು ಸಿಡಿಯುತ್ತವೆ. ಹಾರಿದ ಕಣದೊಳಗಿನ ಇಂಗಾಲ ಆಮ್ಲಜನಕ ಸಿಕ್ಕಿ ಉರಿಯುವುದರಿಂದ ಆಗುವ ಸಿಡಿತ ಅದು.

ಇನ್ನು ಹದ. ಈ ಅಧ್ಯಾಯದ ತಿರುಳು ಇದೇ, ಸ್ವಲ್ಪ ನಿಧಾನವಾಗಿ ನೋಡೋಣ.

ಕೋಣೆಯ ತಾಪದಲ್ಲಿ ಕಬ್ಬಿಣದ ಪರಮಾಣುಗಳು ಒಂದು ಬಗೆಯ ಘನಾಕೃತಿಯ ಜಾಲದಲ್ಲಿ ಕೂತಿರುತ್ತವೆ. ಆ ಜಾಲದ ಸಂದುಗಳಲ್ಲಿ ಇಂಗಾಲಕ್ಕೆ ಜಾಗವೇ ಇಲ್ಲ ಎನ್ನಬಹುದು, ಶೇ. 0.02ರಷ್ಟು ತೂರಿದರೆ ಹೆಚ್ಚು. ಮಿಕ್ಕ ಇಂಗಾಲ ಕಬ್ಬಿಣದ ಜೊತೆ ಕೂಡಿ ಬೇರೆಯೇ ಹಾಳೆಗಳಾಗಿ ನಿಂತಿರುತ್ತದೆ. ಉಕ್ಕನ್ನು ಕಾಯಿಸುತ್ತ 727 ಡಿಗ್ರಿ ಸೆಲ್ಸಿಯಸ್ ದಾಟಿಸಿದರೆ ಪರಮಾಣುಗಳು ಎದ್ದು ಬೇರೆ ಜಾಲದಲ್ಲಿ ಕೂರುತ್ತವೆ. ಈ ಹೊಸ ಜಾಲದ ಸಂದುಗಳು ದೊಡ್ಡವು, ಇಂಗಾಲ ಅದರೊಳಗೆ ಕರಗುತ್ತದೆ. ಅಲ್ಲಿಂದ ನಿಧಾನವಾಗಿ ತಣಿಸಿದರೆ ಇಂಗಾಲ ಹೊರಬಂದು ಮತ್ತೆ ತನ್ನ ಹಾಳೆಗಳಿಗೆ ಮರಳುತ್ತದೆ, ಉಕ್ಕು ಮೊದಲಿನಂತೆ ಮೆದುವಾಗುತ್ತದೆ. ಥಟ್ಟನೆ ತಣಿಸಿದರೆ ಹೊರಬರಲು ಅದಕ್ಕೆ ಪುರಸೊತ್ತು ಸಿಗದು. ಜಾಲ ಹಳೆಯ ರೂಪಕ್ಕೆ ತಿರುಗಲು ಹೋಗಿ ಒಳಗೆ ಸಿಕ್ಕ ಇಂಗಾಲದಿಂದ ಒಂದು ಕಡೆಗೆ ಎಳೆದು ನೀಳವಾಗುತ್ತದೆ. ಹೀಗೆ ಬಿಗಿದುಕೊಂಡ ರಚನೆಗೆ ಜರ್ಮನಿಯ ಅಡಾಲ್ಫ್ ಮಾರ್ಟೆನ್ಸ್ ಹೆಸರಿನಿಂದ ಮಾರ್ಟೆನ್ಸೈಟ್ ಎನ್ನುತ್ತಾರೆ. ಗಡಸುತನವೆಲ್ಲ ಈ ಬಿಗಿತದ ಫಲ.

ಎಷ್ಟು ಕಾಯಿಸಬೇಕು? ಕುಲುಮೆಗಳು ನೆರಳಲ್ಲಿ, ಅರೆಗತ್ತಲಲ್ಲಿ ಇರುವುದಕ್ಕೆ ಇದೇ ಕಾರಣ. ಬಿಸಿಲಲ್ಲಿ ಕೆಂಪಿನ ಛಾಯೆಗಳು ಕಾಣುವುದಿಲ್ಲ, ಐವತ್ತು ಡಿಗ್ರಿ ಹೆಚ್ಚುಕಡಿಮೆ ಆದದ್ದು ಗೊತ್ತಾಗುವುದಿಲ್ಲ. ಕಡಿಮೆಯಾದರೆ ಇಂಗಾಲ ಕರಗದು, ಹೆಚ್ಚಾದರೆ ಉಕ್ಕಿನೊಳಗಿನ ಹರಳುಗಳು ದಪ್ಪವಾಗಿ ಬೆಳೆದು ಅಲಗು ಗಾಜಿನ ಗುಣ ಪಡೆಯುತ್ತದೆ. ಕಣ್ಣನ್ನು ನಂಬದವರಿಗೆ ಒಂದು ಅಯಸ್ಕಾಂತ ಸಾಕು. ಕಬ್ಬಿಣ ಸುಮಾರು 770 ಡಿಗ್ರಿಯಲ್ಲಿ ತನ್ನ ಕಾಂತಗುಣ ಕಳೆದುಕೊಳ್ಳುತ್ತದೆ. ಕಾದ ಅಲಗು ಅಯಸ್ಕಾಂತಕ್ಕೆ ಅಂಟದ ಗಳಿಗೆಯಿಂದ ಇನ್ನೊಂದಿಷ್ಟು ಕೆಂಪೇರಿಸಿದರೆ ತಣಿಸುವ ಹೊತ್ತಾಯಿತು. ಲೋಹ ತನ್ನ ತಾಪವನ್ನು ತಾನೇ ಹೇಳುತ್ತದೆ, ತಾಪಮಾಪಕದ ಖರ್ಚಿಲ್ಲ.

ತಣಿಸುವುದು ಯಾವುದರಲ್ಲಿ ಎಂಬುದೂ ಗಹನ ಪ್ರಶ್ನೆ. ನೀರಿಗೆ ಅದ್ದಿದ ಕೂಡಲೇ ಕಾದ ಲೋಹದ ಸುತ್ತ ಉಗಿಯ ಪೊರೆ ಏಳುತ್ತದೆ. ಪೊರೆ ಇರುವ ತನಕ ಶಾಖ ಬೇಗ ಹೊರಹೋಗದು. ಅದಕ್ಕೇ ಅಲಗನ್ನು ನೀರಲ್ಲಿ ಆಡಿಸುವುದು. ಪೊರೆ ಹರಿದಾಗ ಅತಿ ವೇಗದಲ್ಲಿ ತಣಿಯುತ್ತದೆ, ಆಗಲೇ ಸೀಳು ಬಿಡುವ ಅಪಾಯ. ಸಿಲಿಕಾನ್, ಮ್ಯಾಂಗನೀಸ್ ಇರುವ ಸ್ಪ್ರಿಂಗ್ ಉಕ್ಕಿಗೆ ಅಷ್ಟು ಅವಸರ ಬೇಕಿಲ್ಲ, ಎಣ್ಣೆಯಲ್ಲಿ ತಣಿದರೂ ಅದು ಗಡುಸಾಗುತ್ತದೆ. ತೆಳುವಾದ ಚಾಕುವಿಗಂತೂ ಎಣ್ಣೆಯೇ ವಾಸಿ. ಬಾಯಿಯ ಅಂಚನ್ನು ಮಾತ್ರ ಅದ್ದಿ ಬೆನ್ನನ್ನು ಮೆದುವಾಗಿ ಬಿಡುವುದು ಹಳೆಯ ಜಾಣತನ. ಅಂಚು ಕೊಯ್ಯುತ್ತದೆ, ಬೆನ್ನು ಪೆಟ್ಟು ತಾಳುತ್ತದೆ.

ಇಷ್ಟಕ್ಕೇ ನಿಲ್ಲಿಸಿದರೆ ಆ ಚಾಕು ಕೈಜಾರಿ ಕಲ್ಲಿನ ಮೇಲೆ ಬಿದ್ದರೆ ಎರಡು ತುಂಡು. ಬಿಗಿತವನ್ನು ತುಸು ಸಡಿಲಿಸಬೇಕು. ಅಲಗನ್ನು ಉಜ್ಜಿ ಬೆಳ್ಳಗೆ ಮಾಡಿ ಮತ್ತೆ ಮೆಲ್ಲಗೆ ಕಾಯಿಸುತ್ತ ಹೋದರೆ ಬಣ್ಣಗಳು ಏಳುತ್ತವೆ: 210, 220 ಡಿಗ್ರಿಯ ಹೊತ್ತಿಗೆ ಒಣಹುಲ್ಲಿನ ಹಳದಿ, 250ರ ಮೇಲೆ ಕಂದು, ಆಮೇಲೆ ನೇರಳೆ, 300ರ ಹತ್ತಿರ ನೀಲಿ. ಉಕ್ಕು ಬಣ್ಣ ಬದಲಿಸಿತೆಂದು ತೋರುತ್ತದೆ, ಆದರೆ ಬಣ್ಣ ಉಕ್ಕಿನದಲ್ಲ. ಮೇಲ್ಮೈಯಲ್ಲಿ ಬೆಳೆಯುವ ಆಕ್ಸೈಡ್ ಪೊರೆ ಕೆಲವು ಹತ್ತು ನ್ಯಾನೋಮೀಟರ್ ದಪ್ಪ ಇರುತ್ತದೆ, ಅದರ ಮೇಲ್ಪದರದಿಂದಲೂ ತಳದಿಂದಲೂ ಹಿಂತಿರುಗಿದ ಬೆಳಕು ಒಂದರ ಮೇಲೊಂದು ಬಿದ್ದು ಸಾಬೂನಿನ ಗುಳ್ಳೆಯ ಮೇಲೆ ಆಡುವಂಥ ಬಣ್ಣ ಕಾಣಿಸುತ್ತದೆ. ಕಿಸೆಯ ಚಾಕುವಿಗೆ ಹುಲ್ಲು ಹಳದಿಯೇ ಸರಿ. ಸ್ಪ್ರಿಂಗ್ ಉಕ್ಕು ಆಗ ರಾಕ್‌ವೆಲ್ ಮಾಪನದಲ್ಲಿ 57ರ ಆಸುಪಾಸಿನಲ್ಲಿ ನಿಲ್ಲುತ್ತದೆ. ಹೆಸರಾಂತ ಕಂಪನಿಗಳ ಅನೇಕ ಚಾಕುಗಳ ಗಡಸುತನವೂ ಇಷ್ಟೇ.

ಉಕ್ಕು ಎಷ್ಟೇ ಉತ್ತಮವಾಗಿದ್ದರೂ ಅದಕ್ಕೆ ತಕ್ಕ ಬೆಂಕಿ ಗೊತ್ತಿಲ್ಲದಿದ್ದರೆ ಏನು ಎಂಬುದಕ್ಕೆ ಚರಿತ್ರೆಯಲ್ಲೇ ಸಾಕ್ಷಿ ಇದೆ, ಅದೂ ಒಂದು ಪುಟ್ಟ ಚಾಕುವಿನದು. 1794ರಲ್ಲಿ ಮುಂಬಯಿಯಲ್ಲಿದ್ದ ವೈದ್ಯ ಹೆಲೆನಸ್ ಸ್ಕಾಟ್ ಇಲ್ಲಿನ ಮೂಸೆ ಉಕ್ಕಿನ ಮಾದರಿಗಳನ್ನು ಲಂಡನ್ನಿನ ರಾಯಲ್ ಸೊಸೈಟಿಯ ಅಧ್ಯಕ್ಷ ಜೋಸೆಫ್ ಬ್ಯಾಂಕ್ಸ್‌ಗೆ ಕಳಿಸಿದರು. ಮರುವರ್ಷ ಜಾರ್ಜ್ ಪಿಯರ್ಸನ್ ಅದರ ಬಗ್ಗೆ ಪ್ರಬಂಧ ಬರೆದರು. ಆ ಪರೀಕ್ಷೆಗಳ ಭಾಗವಾಗಿ ಜೇಮ್ಸ್ ಸ್ಟೊಡಾರ್ಟ್ ಎಂಬ ಚಾಕು ತಯಾರಕ ಆ ಉಕ್ಕನ್ನು ಬಡಿದು ಲೇಖನಿ ಚೂಪು ಮಾಡುವ ಚಾಕು ಮಾಡಿದ. ಫಲಿತಾಂಶಕ್ಕೆ ಎಷ್ಟು ಮರುಳಾದನೆಂದರೆ ತನ್ನ ಅಂಗಡಿಯ ಚೀಟಿಯಲ್ಲೇ ಯೂರೋಪಿನ ಉಕ್ಕಿಗಿಂತ ಇದೇ ಮೇಲೆಂದು ಅಚ್ಚು ಹಾಕಿಸಿದ. ಮುಂದೆ ಕಂಬಾರನ ಮಗ ಮೈಕೆಲ್ ಫ್ಯಾರಡೆ 1819ರಿಂದ ಇದೇ ಸ್ಟೊಡಾರ್ಟ್ ಜೊತೆ ಕೂತು ಆ ಉಕ್ಕಿನ ಗುಟ್ಟು ಹುಡುಕಿದರು. ವಿದ್ಯುತ್ತಿನ ಫ್ಯಾರಡೆ ಆಗುವ ಮೊದಲು ಅವರು ಉಕ್ಕಿನ ಫ್ಯಾರಡೆ. ಗುಣಕ್ಕೆ ಅಲ್ಯುಮಿನಾ ಕಾರಣ ಎಂಬ ಅವರ ಊಹೆ ತಪ್ಪಾಗಿತ್ತು; ಕಾರಣ ಶೇ. 1.5ರ ಆಸುಪಾಸಿನ ಇಂಗಾಲ. ಇಂಗ್ಲೆಂಡಿನ ಬೇರೆ ಅನೇಕ ಕಮ್ಮಾರರ ಕೈಯಲ್ಲಿ ಅದೇ ಉಕ್ಕು ಸುತ್ತಿಗೆಯ ಏಟಿಗೆ ಪುಡಿಯಾಯಿತು. ತಮ್ಮ ಉಕ್ಕಿಗೆ ಒಗ್ಗಿದ ಜೋರು ಕಾವನ್ನೇ ಇದಕ್ಕೂ ಕೊಟ್ಟಿದ್ದರು. ಇಷ್ಟು ಇಂಗಾಲ ಇರುವ ಉಕ್ಕನ್ನು ಮಂದ ಕೆಂಪಿನಲ್ಲೇ ಬಡಿಯಬೇಕು.

ಆ ಉಕ್ಕು ಮಾಡುತ್ತಿದ್ದ ಬಗೆಯನ್ನು ಫ್ರಾನ್ಸಿಸ್ ಬುಕಾನನ್ 1800-01ರ ತನ್ನ ಪ್ರವಾಸದಲ್ಲಿ ಮೈಸೂರು ಸೀಮೆಯಲ್ಲಿ ಕಂಡು ಬರೆದಿದ್ದಾನೆ: ಮಣ್ಣಿನ ಮೂಸೆಯಲ್ಲಿ ಕಬ್ಬಿಣದ ತುಂಡು, ಜೊತೆಗೆ ತಂಗಡಿ ಗಿಡದ ಒಣಕಟ್ಟಿಗೆ, ಬಾಯಿ ಮುಚ್ಚಿ ಬೆಂಕಿ. ನಮ್ಮ ಧಾರವಾಡ ಸೀಮೆಯ ಕಬ್ಬಿಣದ ಕತೆ ಇನ್ನೂ ಹಳೆಯದು. ಆಗ ಧಾರವಾಡ ಜಿಲ್ಲೆಯಲ್ಲಿದ್ದು ಈಗ ಹಾವೇರಿ ಜಿಲ್ಲೆಗೆ ಸೇರಿರುವ ಹಳ್ಳೂರಿನಲ್ಲಿ ಪುರಾತತ್ವಜ್ಞ ಎಂ. ಎಸ್. ನಾಗರಾಜರಾವ್ 1960ರ ದಶಕದಲ್ಲಿ ಅಗೆದಾಗ ಸಿಕ್ಕ ಕಬ್ಬಿಣದ ವಸ್ತುಗಳ ಕಾಲ ಸುಮಾರು ಮೂರು ಸಾವಿರ ವರ್ಷ ಹಿಂದಕ್ಕೆ ಹೋಗುತ್ತದೆ. ಇದನ್ನೆಲ್ಲ ಹೇಳಿ ಹೆಮ್ಮೆಪಡುವುದು ಸುಲಭ. ಆದರೆ ಮೂಸೆ ಉಕ್ಕಿನ ಕೆಲಸ ನಿಂತುಹೋಗಿ ನೂರು ವರ್ಷದ ಮೇಲಾಯಿತು, ಸಂತೆಯಲ್ಲಿ ಯಾರಾದರೂ ಆ ಹೆಸರು ಹೇಳಿ ಚಾಕು ಮಾರಿದರೆ ನಂಬಬೇಡಿ.

ಹಾಗಾದರೆ ಗೋಣಿತಟ್ಟಿನ ಮುಂದೆ ಕುಕ್ಕರುಗಾಲಲ್ಲಿ ಕೂತವನು ಏನು ನೋಡಬೇಕು? ಮೊದಲು, ಏನನ್ನು ನಂಬಬಾರದು ಎಂದು ಹೇಳುತ್ತೇನೆ, ಏಕೆಂದರೆ ಜನ ಹೆಚ್ಚಾಗಿ ಮಾಡುವುದು ಅದನ್ನೇ. ಅಲಗನ್ನು ಉಗುರಿಂದ ಮೀಟಿ ಠಣ್ ಎಂಬ ಸದ್ದು ಕೇಳುವುದು ಒಂದು. ಬಾಗಿಸಿ ನೋಡಿ ಗಟ್ಟಿಯೋ ಅಲ್ಲವೋ ಎನ್ನುವುದು ಇನ್ನೊಂದು. ಎರಡೂ ಅಳೆಯುವುದು ಉಕ್ಕಿನ ಸ್ಥಿತಿಸ್ಥಾಪಕತೆಯನ್ನು. ಅದು ಹದ ಹಾಕಿದ ಉಕ್ಕಿನಲ್ಲೂ ಹಾಕದ್ದರಲ್ಲೂ ಹೆಚ್ಚುಕಡಿಮೆ ಒಂದೇ, 200 ಗಿಗಾಪಾಸ್ಕಲ್ ಆಸುಪಾಸು. ಅಲಗು ಬಾಗದೆ ನಿಂತರೆ ಅದು ದಪ್ಪದ ಗುಣ. ದಪ್ಪ ಎರಡು ಪಟ್ಟಾದರೆ ಬಿಗುವು ಎಂಟು ಪಟ್ಟು. ಸದ್ದಿನಿಂದ ಒಂದೇ ಉಪಯೋಗ: ಒಳಗೆ ಸೀಳಿದ್ದರೆ, ರಿವೆಟ್ಟು ಸಡಿಲವಿದ್ದರೆ ಅದು ಒಡಕಾಗಿ ಕೇಳುತ್ತದೆ. ತೂಕವೂ ಏನನ್ನೂ ಹೇಳದು. ಹೊಳಪಂತೂ ಕೇಳಲೇಬೇಡಿ, ಹೊಳಪು ಬಟ್ಟೆಯ ಚಕ್ರಕ್ಕೆ ಸೇರಿದ್ದು, ಬೆಂಕಿಗಲ್ಲ.

ನಂಬಬಹುದಾದ ಪರೀಕ್ಷೆ ಅರದ್ದು. ಅರದ ಗಡಸುತನ ರಾಕ್‌ವೆಲ್ ಮಾಪನದಲ್ಲಿ 62ರ ಮೇಲೆ ಇರುತ್ತದೆ. ಅದನ್ನು ಚಾಕುವಿನ ಬಾಯಿಗೆ, ಹಿಡಿಕೆಯ ಹತ್ತಿರ, ಹಗುರವಾಗಿ ಆಡಿಸಿದಾಗ ಜಾರುತ್ತ ಸ್ವಲ್ಪವೇ ಹಿಡಿದರೆ ಹದ ಬಿದ್ದಿದೆ. ಸಲೀಸಾಗಿ ಕಚ್ಚಿ ಪುಡಿ ಉದುರಿಸಿದರೆ ಅದು ಬರೀ ತಗಡು. ಬೆನ್ನಿನ ಮೇಲೆ ಈ ಪರೀಕ್ಷೆ ಮಾಡಬೇಡಿ. ಬಾಯಿಗೆ ಮಾತ್ರ ಹದ ಹಾಕಿದ ಒಳ್ಳೆಯ ಚಾಕುವಿನ ಬೆನ್ನು ಮೆದುವಾಗಿಯೇ ಇರಬೇಕು. ಮಾರುವವನು ಅರ ಕಂಡು ಮುಖ ಗಂಟಿಕ್ಕಿದರೆ ಅದೂ ಒಂದು ಮಾಹಿತಿ. ಇನ್ನೊಂದು ಅಯಸ್ಕಾಂತ. ಅಲಗು ಅದಕ್ಕೆ ಅಂಟದಿದ್ದರೆ ಅದು ಪಾತ್ರೆ ಮಾಡುವ ಜಾತಿಯ ಸ್ಟೇನ್‌ಲೆಸ್ ಉಕ್ಕು. ಕಾಯಿಸಿ ತಣಿಸಿ ಅದನ್ನು ಗಡುಸು ಮಾಡಲು ಬರುವುದಿಲ್ಲ, ಬಿಟ್ಟು ಎದ್ದೇಳಿ. ಅಂಟಿದರೆ ಮಾತ್ರ ಒಳ್ಳೆಯದೆಂದು ಅರ್ಥವಲ್ಲ, ಡಬ್ಬಿಯ ತಗಡೂ ಅಂಟುತ್ತದೆ.

ಬಾಯಿಯ ಅಂಚನ್ನು ಬೆಳಕಿಗೆ ಹಿಡಿದು ಬಣ್ಣ ನೋಡಿ. ಎಲ್ಲಾದರೂ ನೀಲಿ ಛಾಯೆ ಇದ್ದರೆ ಒಣ ಸಾಣೆಚಕ್ರದ ಮೇಲೆ ಅಂಚು ಸುಟ್ಟಿದೆ. ಮೇಲೆ ಹೇಳಿದ ಬಣ್ಣದ ಪಟ್ಟಿಯ ಪ್ರಕಾರ ಆ ಜಾಗ 300 ಡಿಗ್ರಿ ಮುಟ್ಟಿ ಹದ ಕಳಕೊಂಡಿದೆ. ಕಾರ್ಖಾನೆಯ ಅಗ್ಗದ ಚಾಕುಗಳು ಕೆಡುವುದು ಬಹಳ ಸಲ ಹೀಗೆಯೇ, ಉಕ್ಕಿನ ದೋಷದಿಂದಲ್ಲ. ಊರೂರು ತಿರುಗಿ ಸಾಣೆ ಹಿಡಿಯುವವರು ಸೈಕಲ್ಲಿನ ಚಕ್ರ ತುಳಿದು ತಿರುಗಿಸುವ ಕಲ್ಲು ಈ ವಿಷಯದಲ್ಲಿ ಸುರಕ್ಷಿತ. ಅದು ನಿಧಾನ, ಅದೇ ಅದರ ಗುಣ.

ಆಮೇಲೆ ಆಕಾರ. ಅಗ್ಗದ ಚಾಕುವಿನ ನಿಜವಾದ ಕಾಯಿಲೆ ಬಾಯಿಯ ಹಿಂದಿನ ದಪ್ಪ. ಕೊಯ್ಯುವಾಗ ಅಂಚು ದಾರಿ ಮಾಡಿದ ಮೇಲೆ ಉಳಿದ ಅಲಗು ಅದರ ಹಿಂದೆ ಬೆಣೆಯಾಗಿ ನುಗ್ಗಬೇಕು. ಬೆಣೆ ದಪ್ಪವಾದಷ್ಟೂ ಕೈಗೆ ಶ್ರಮ. ಬಾಯಿಯ ತುಸು ಮೇಲೆ ಅರ್ಧ ಮಿಲಿಮೀಟರಿಗಿಂತ ಹೆಚ್ಚು ದಪ್ಪ ಇರುವ ಅಲಗು ಎಷ್ಟು ಮಸೆದರೂ ಸೌತೆಕಾಯಿಯನ್ನು ಕೊಯ್ಯುವ ಬದಲು ಸೀಳುತ್ತದೆ. ತಯಾರಕರು ದಪ್ಪ ಬಿಡುವುದಕ್ಕೆ ಕಾರಣ ಇದೆ. ಹದಕ್ಕೆ ಮೊದಲೇ ತೆಳುಮಾಡಿದರೆ ತಣಿಸುವಾಗ ಅಲಗು ಸೊಟ್ಟಗಾಗುತ್ತದೆ. ಹದ ಆದಮೇಲೆ ತೆಳುಮಾಡಲು ಹೋದರೆ ಅಂಚು ಸುಡದಂತೆ ನೀರು ಹನಿಸುತ್ತ ಹೊತ್ತು ಕಳೆಯಬೇಕು. ಹೊತ್ತು ಅಂದರೆ ದುಡ್ಡು, ಹಾಗಾಗಿ ದಪ್ಪ. ಮಾವಿನ ಕಸಿ ಕಟ್ಟುವವರಿಗೆ ಇದರ ಬೆಲೆ ಗೊತ್ತು. ಕಸಿಕಡ್ಡಿಯ ಕೊಯ್ತ ಒಂದೇ ಎಳೆತಕ್ಕೆ ನುಣುಪಾಗಿ ಬಂದರೆ ತೊಗಟೆಯ ಕೆಳಗಿನ ಬೆಳೆಯುವ ಪದರ ಬೇರುಗಿಡದ ಪದರಕ್ಕೆ ಸಂದಿಲ್ಲದೆ ಕೂರುತ್ತದೆ. ಜಜ್ಜಿದರೆ ಕಸಿ ಒಣಗುತ್ತದೆ. ಅವರ ಚಾಕುವಿಗೆ ಬಹಳ ಸಲ ಒಂದೇ ಬದಿಗೆ ಸಾಣೆ ಹಿಡಿದಿರುವುದು ಇದಕ್ಕೇ.

ಮಡಚುವ ಚಾಕುವಿನಲ್ಲಿ ಇನ್ನೊಂದು ಅಂಗ ಇದೆ, ಕೀಲು. ಅಲಗನ್ನು ತೆರೆದು ಎಡಬಲಕ್ಕೆ ಅಲುಗಿಸಿ. ಅಲ್ಲಾಡಿದರೆ ಬೇಡ. ಮುಚ್ಚಿ, ಮೊನೆ ಹಿಡಿಕೆಯಿಂದ ಹೊರಗೆ ಇಣುಕುತ್ತದೆಯೇ ನೋಡಿ; ಕಿಸೆಗೂ ತೊಡೆಗೂ ಅದರಿಂದ ಅಪಾಯ. ಬೆನ್ನಿಗೆ ಸ್ಪ್ರಿಂಗ್ ಇರುವುದಾದರೆ ತೆರೆದ ಸ್ಥಿತಿಯಲ್ಲಿ ಸ್ಪ್ರಿಂಗ್ ಮತ್ತು ಅಲಗಿನ ನಡುವೆ ಬೆಳಕು ತೂರಬಾರದು.

ಸ್ಪ್ರಿಂಗೇ ಬೇಡ ಎಂದವರೂ ಇದ್ದಾರೆ, ಜಗತ್ತಿನ ಒಳ್ಳೆಯ ಅಗ್ಗದ ಚಾಕುಗಳು ಹೆಚ್ಚಾಗಿ ಅವರವೇ. ಫ್ರಾನ್ಸಿನ ಸವೊಯ್ ಬೆಟ್ಟನಾಡಿನ ಜೋಸೆಫ್ ಒಪಿನೆಲ್ 1890ರಲ್ಲಿ ರೈತರಿಗೆಂದು ಮಾಡಿದ ಚಾಕು ಒಂದು ಮರದ ತುಂಡು, ಒಂದು ಮೊಳೆ, ಒಂದು ಲೋಹದ ಬಳೆ, ಒಂದು ಅಲಗು ಅಷ್ಟೇ. ಅಲಗನ್ನು ತೆರೆದ ಸ್ಥಿತಿಯಲ್ಲಿ ಭದ್ರ ಮಾಡುವ ತಿರುಗು ಬಳೆ 1955ರಲ್ಲಿ ಸೇರಿತು. ಅಲಗು ಶೇ. 0.9 ಇಂಗಾಲದ್ದು, ಎರಡು ಮಿಲಿಮೀಟರಿಗಿಂತ ತೆಳು. ಜಪಾನಿನ ಮಿಕಿ ಪಟ್ಟಣದ ಹಿಗೊನೊಕಾಮಿಗೆ ಮರವೂ ಇಲ್ಲ, ಮಡಿಸಿದ ಲೋಹದ ತಗಡೇ ಹಿಡಿಕೆ. ಅಲಗಿನ ಬಾಲ ಹೊರಗೆ ಚಾಚಿರುತ್ತದೆ, ಅದನ್ನು ಹೆಬ್ಬೆರಳಿಂದ ಒತ್ತಿ ಹಿಡಿಯುವುದೇ ಬೀಗ. ಎರಡರಲ್ಲೂ ಉಳಿತಾಯ ಮಾಡಿದ್ದು ಹಿಡಿಕೆಯಲ್ಲಿ, ಖರ್ಚು ಮಾಡಿದ್ದು ಅಲಗಿನಲ್ಲಿ. ನಮ್ಮ ಅಂಗಡಿಗಳಲ್ಲಿ ಸಿಗುವ ಅಗ್ಗದ ಮಡಚು ಚಾಕುಗಳಲ್ಲಿ ಬಹಳಷ್ಟು ಇದಕ್ಕೆ ಉಲ್ಟಾ. ಬಾಟಲಿ ತೆಗೆಯುವ ಕೊಕ್ಕೆ, ಟಾರ್ಚು, ಹಿತ್ತಾಳೆಯ ಡ್ರ್ಯಾಗನ್ ಎಲ್ಲ ಇದ್ದು ಕೊಯ್ಯುವ ಭಾಗ ಮಾತ್ರ ಮರೆತುಹೋಗಿರುತ್ತದೆ. ಒಂದೇ ಕೆಲಸದ ಚಾಕು ಎಷ್ಟು ಬೋಳಾಗಿದ್ದರೆ ಅಷ್ಟು ಒಳ್ಳೆಯದು ಎಂಬುದು ನನ್ನ ಪಕ್ಷಪಾತ.

ತುಕ್ಕು ಹಿಡಿಯುವ ಚಾಕು ಬೇಡ, ಸ್ಟೇನ್‌ಲೆಸ್ಸೇ ಬೇಕು ಎನ್ನುವವರಿಗೆ ಒಂದು ಮಾತು. ಶೆಫೀಲ್ಡಿನ ಹ್ಯಾರಿ ಬ್ರಿಯರ್ಲಿ 1913ರಲ್ಲಿ ಕರಗಿಸಿದ ಈ ಉಕ್ಕಿಗೆ ತುಕ್ಕು ತಡೆಯುವ ಶಕ್ತಿ ಬರುವುದು ಶೇ. 13ರ ಆಸುಪಾಸಿನ ಕ್ರೋಮಿಯಂನಿಂದ. ಇಂಗಾಲ ಸಾಕಷ್ಟಿದ್ದರೆ ಅದೂ ಚೆನ್ನಾಗಿ ಹದವಾಗುತ್ತದೆ. ತೀರ ಅಗ್ಗದ ಅಲಗುಗಳಲ್ಲಿ ಇಂಗಾಲ ಕಡಿಮೆ, ಹಾಗಾಗಿ ಬಾಯಿ ಬೇಗ ಮಡಿಯುತ್ತದೆ. ಇಂಗಾಲ ಉಕ್ಕಿನ ಚಾಕು ಮಾವಿನಕಾಯಿ, ಅಡಿಕೆ, ಬಾಳೆಕಾಯಿ ಕೊಯ್ದರೆ ಕಪ್ಪಾಗುತ್ತದೆ. ಅದು ಕೊಳೆಯಲ್ಲ. ಕಾಯಿಯ ಒಗರಿನ ಟ್ಯಾನಿನ್ ಕಬ್ಬಿಣದ ಜೊತೆ ಕೂಡಿ ಆದ ಸಂಯುಕ್ತ. ಅಳಲೆಕಾಯಿಗೆ ಕಬ್ಬಿಣ ಸೇರಿಸಿ ಹಿಂದಿನವರು ಮಾಡುತ್ತಿದ್ದ ಮಸಿಯೂ ಇದೇ. ಆ ಕಪ್ಪು ಪದರ ಕೆಂಪು ತುಕ್ಕನ್ನು ಸ್ವಲ್ಪ ಮಟ್ಟಿಗೆ ತಡೆಯುತ್ತದೆ, ತಿಕ್ಕಿ ತೆಗೆಯಬೇಡಿ. ಒರೆಸಿ, ಒಣಗಿಸಿ, ಎಣ್ಣೆ ಸವರಿ ಸಾಕು. ಎಣ್ಣೆಯಲ್ಲೂ ಭೇದ ಇದೆ. ನಮ್ಮ ಕಡೆ ಮನೆಯಲ್ಲಿರುವ ಕುಸುಬಿ ಎಣ್ಣೆ ಗಾಳಿ ತಾಗಿದರೆ ನಿಧಾನವಾಗಿ ಗಟ್ಟಿಯಾಗಿ ಪೊರೆ ಕಟ್ಟುತ್ತದೆ, ಅದರಲ್ಲಿರುವ ಲಿನೋಲಿಕ್ ಆಮ್ಲದ ಗುಣ ಅದು. ಮರದ ಹಿಡಿಕೆಗೆ ಅದು ಒಳ್ಳೆಯದು, ಕೀಲಿಗೆ ಹಾಕಿದರೆ ಅಂಟಾಗಿ ಅಲಗು ತೆರೆಯದೆ ಸತಾಯಿಸುತ್ತದೆ. ಕೀಲಿಗೆ ಕೊಬ್ಬರಿ ಎಣ್ಣೆ ಹಾಕಿ, ಅದು ಹಾಗೆ ಗಟ್ಟಿಯಾಗದು.

ಕುಲುಮೆಯ ಹೊಸ ಚಾಕು ತಂದ ಮೊದಲ ವಾರ ಮೊಂಡಾದರೆ ಅವಸರಪಟ್ಟು ಬೈಯಬೇಡಿ. ಬೆಂಕಿಯಲ್ಲಿದ್ದಾಗ ಮೇಲ್ಪದರದ ಇಂಗಾಲ ಗಾಳಿಗೆ ಸುಟ್ಟುಹೋಗಿರುತ್ತದೆ. ಕೂದಲಿನಷ್ಟು ದಪ್ಪದ ಆ ಪದರ ಮೆದು. ಎರಡು ಮೂರು ಸಲ ಕಲ್ಲಿಗೆ ಮಸೆದರೆ ಅದು ಸವೆದು ಒಳಗಿನ ನಿಜವಾದ ಉಕ್ಕು ಬಾಯಿಗೆ ಬರುತ್ತದೆ. ಕಲ್ಲು ನೆನೆಸಿ, ಅಲಗನ್ನು ಹದಿನೈದು ಇಪ್ಪತ್ತು ಡಿಗ್ರಿ ಓರೆಯಲ್ಲಿ ಹಿಡಿದು, ಆಚೆ ಬದಿಗೆ ಬೆರಳಿಗೆ ತಾಕುವಷ್ಟು ಸಣ್ಣ ಸಿಬಿರು ಏಳುವ ತನಕ ಒಂದು ಬದಿ ಮಸೆಯಿರಿ. ಆಮೇಲೆ ಇನ್ನೊಂದು ಬದಿ. ಕೊನೆಗೆ ಹಳೆಯ ಚರ್ಮದ ಪಟ್ಟಿಗೆ ಎಳೆದರೆ ಸಿಬಿರು ಉದುರುತ್ತದೆ. ಇಷ್ಟಾದ ಮೇಲೂ ಬಾಯಿ ನಿಲ್ಲದಿದ್ದರೆ ಹದ ತಪ್ಪಿದೆ ಎಂದೇ ಲೆಕ್ಕ. ಚಾಕುವನ್ನು ಮಾಡಿದವರ ಕುಲುಮೆಗೆ ಒಯ್ಯಿರಿ. ಹಿಡಿಕೆ ಬಿಚ್ಚಿ, ಕಾಯಿಸಿ, ಎಣ್ಣೆಗೆ ಅದ್ದಿ, ಹಳದಿ ಬರುವ ತನಕ ಮೆಲ್ಲಗೆ ಕಾವು ಕೊಟ್ಟರೆ ಅದೇ ಅಲಗು ಹೊಸದಾಗುತ್ತದೆ. ಕಾರ್ಖಾನೆಯ ಸ್ಟೇನ್‌ಲೆಸ್ ಅಲಗಿಗೆ ಈ ಉಪಚಾರ ನಡೆಯದು. ಅದಕ್ಕೆ 1000 ಡಿಗ್ರಿಗಿಂತ ಹೆಚ್ಚಿನ ತಾಪದಲ್ಲಿ, ಹೊತ್ತು ಅಳೆದು, ಗಾಳಿ ತಾಗದಂತೆ ಕಾಯಿಸುವ ಕುಲುಮೆ ಬೇಕು. ದುಮ್ಮವಾಡದ ಸುತ್ತಿನ ಹಳ್ಳಿಗಳ ಇದ್ದಿಲ ಬೆಂಕಿಗೆ ಒಗ್ಗುವುದು ಲಾರಿ ಪಟ್ಟಿಯ ಉಕ್ಕೇ.